ಹನೂರಿಗೆ ನೋಡಲು ಬಂದವರು

ಸಂಸ್ಥೆ ಎಂದರೆ ದೊಡ್ಡ ಮಾತಾಯಿತು. ಹನೂರಿನಲ್ಲಿ ಬಾಡಿಗೆಗೆ ಹಿಡಿದ ಒಂದು ಶೀಟಿನ ಕೋಣೆ, ಎರಡು ಚಾಪೆ, ಹಿಡಿದು ನಿಲ್ಲಲು ಗೋಡೆಗೆ ಬಡಿಸಿದ ಕಂಬಿ, ನಾನು ಮತ್ತು ನನ್ನ ಗೆಳತಿ. ನಡೆಯಲಾಗದ, ಮಾತು ಬಾರದ, ಕತ್ತು ನಿಲ್ಲದ ಮಕ್ಕಳನ್ನು ತಾಯಂದಿರು ಬೆಳಿಗ್ಗೆ ಸೊಂಟದ ಮೇಲೆ ಹೊತ್ತು ತರುತ್ತಿದ್ದರು. ನಾನು ಯಳಂದೂರಿನವಳು. ಖಾಸಗಿ ಶಾಲೆಯ ಕೆಲಸ ಬಿಟ್ಟು, ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ದಿನಾ ಅಲ್ಲಿಗೆ ಹೋಗುತ್ತಿದ್ದೆ. ನಮ್ಮ ಮನೆಯಲ್ಲಿ ಇದನ್ನು ಹೊಟ್ಟೆ ತುಂಬಿದವರ ಚಟ ಎನ್ನುತ್ತಿದ್ದರು. ಹೊಟ್ಟೆಯೇನೂ ತುಂಬಿರಲಿಲ್ಲ.

ಹೊಸ ಸಂಸ್ಥೆಗಳಿಗೆ ತರಬೇತಿ ಕೊಟ್ಟು, ಕಾಲೂರುವವರೆಗೆ ನೆರವಾಗುವ ಒಂದು ಕಾರ್ಯಕ್ರಮಕ್ಕೆ ನಾವು ಆಯ್ಕೆಯಾದೆವು. ಆ ನೆರವಿನಿಂದಲೇ ಗುರುವಾರ ಗುರುವಾರ ಕೊಳ್ಳೇಗಾಲದಿಂದ ಫಿಸಿಯೋಥೆರಪಿ ಮಾಡುವ ಹೆಂಗಸೊಬ್ಬರು ಬರುವಂತಾಯಿತು. ತಾಯಂದಿರ ಬಾಯಲ್ಲಿ ಅವರು ಡಾಕ್ಟ್ರಮ್ಮ. ಅವರು ಬರತೊಡಗಿದ ಮೇಲೆ, ಅಲ್ಲಿಯವರೆಗೆ ತೆವಳುತ್ತಲೇ ಇದ್ದ ಐದು ವರ್ಷದ ಒಂದು ಹುಡುಗಿ ಕಂಬಿ ಹಿಡಿದು ನಿಂತಳು. ಮೊಣಕಾಲು ಗಡಗಡ ನಡುಗುತ್ತಿತ್ತು, ಆದರೂ ನಿಂತಳು. ನಾನು ಅಳುವವಳಲ್ಲ. ಅವತ್ತು ಅತ್ತೆ.

"ಈಗ ಬಿಡಬಾರದು," ಎಂದರು ಡಾಕ್ಟ್ರಮ್ಮ. "ಇನ್ನೊಂದು ವರ್ಷ ಮಾಡಿಸಿದರೆ ಹೆಜ್ಜೆ ಇಡಬಹುದು. ನಡುವೆ ನಿಲ್ಲಿಸಿದರೆ ಕಾಲು ಮತ್ತೆ ಬಿಗಿದುಕೊಳ್ಳುತ್ತೆ."

ನೆರವು ಸಿಕ್ಕಿದ್ದು ಒಂದೇ ವರ್ಷಕ್ಕೆ. ಆ ಇನ್ನೊಂದು ವರ್ಷ ಸಿಗುವುದು ಬಿಡುವುದು ಕಾರ್ಯಕ್ರಮದವರ ಕೈಯಲ್ಲಿತ್ತು. ಅದಕ್ಕಾಗಿ ತರಬೇತಿಯಲ್ಲಿ ಅವರು ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿದೆ. ಕೊಳ್ಳೇಗಾಲದ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ತರಬೇತಿ. ಬಣ್ಣದ ಚೀಟಿಗಳನ್ನು ಕೊಟ್ಟು, ಕನಸು ಬರೆದು ಗೋಡೆಗೆ ಅಂಟಿಸಿ ಎನ್ನುವರು. "ಐದು ವರ್ಷದ ನಂತರ ನಿಮ್ಮ ಸಂಸ್ಥೆ ಎಲ್ಲಿರುತ್ತೆ?" ಎಂದು ಕೇಳಿದರು. ಹನೂರಿನಲ್ಲೇ ಇರುತ್ತದೆ, ಇನ್ನೆಲ್ಲಿಗೆ ಹೋಗುತ್ತದೆ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗಾಗಿತ್ತು ನಮ್ಮ ಪಾಡು. ಆದರೆ ಕಲಿಸುವವರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಸಮುದಾಯದವರು ಇದು ನಮ್ಮದು ಅಂದುಕೊಳ್ಳಬೇಕು ಎಂದು ಅವರು ಮತ್ತೆ ಮತ್ತೆ ಹೇಳಿದ ಮಾತನ್ನು ನಾನು ನಂಬಿದೆ. ಹನೂರಿಗೆ ಬಂದು ತಾಯಂದಿರನ್ನು ಕೂರಿಸಿಕೊಂಡೆ. "ಕೋಣೆ ನಂದಲ್ಲ, ನಿಮ್ಮದು. ದೊಡ್ಡವರು ನೋಡೋಕೆ ಬರ್ತಾರೆ. ಮುಂದಿನ ವರ್ಷ ಡಾಕ್ಟ್ರಮ್ಮ ಬರೋದು ಅವರ ಮೇಲೆ ನಿಂತಿದೆ. ನೀವೇ ಮುಂದೆ ನಿಂತು ನಡೆಸಿಕೊಡಿ," ಎಂದೆ. ಎಲ್ಲರೂ ಹೂಂಗುಟ್ಟಿದರು.

ನಡೆಸಿಕೊಟ್ಟರು. ಅವರು ಬರುವ ದಿನ ಬೆಳಿಗ್ಗೆ ನಾನು ಬಸ್ಸಿಳಿದು ಬರುವ ಹೊತ್ತಿಗೆ ಬಾಗಿಲಿಗೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಒಳಗೆ ಚಾಪೆಯ ಮೇಲೆ ಸಾಲಾಗಿ ಮಕ್ಕಳು. ಹೊಸ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ತಲೆ, ಹಣೆಯ ಮೇಲೆ ವಿಭೂತಿ. ನನ್ನನ್ನು ಕಂಡದ್ದೇ ಎಲ್ಲರೂ ದಡಕ್ಕನೆ ಎದ್ದು ನಿಂತು "ನಮಸ್ತೆ ಮಿಸ್" ಎಂದರು. ಎದ್ದು ನಿಂತರು. ನಮ್ಮ ಒಂದು ಮಗುವೂ ಅಲ್ಲಿರಲಿಲ್ಲ. ಅವರೆಲ್ಲ ನಮ್ಮ ಮಕ್ಕಳ ಅಣ್ಣಂದಿರು, ಅಕ್ಕಂದಿರು, ಪಕ್ಕದ ಮನೆಯ ಮಕ್ಕಳು.

ಕಂಬಿ ಹಿಡಿದು ನಿಂತಿದ್ದ ಆ ಹುಡುಗಿಯ ತಾಯಿಯನ್ನು ಮೂಲೆಗೆ ಕರೆದು ಕೇಳಿದೆ, ಮಗಳೆಲ್ಲಿ ಎಂದು.

"ನಿನ್ನೇನೆ ನಮ್ಮವ್ವನ ಮನೆಗೆ ಬುಟ್ಟು ಬಂದಿವ್ನಿ ಮಿಸ್, ಬೆಟ್ಟದ ದಾರೀಲಿ. ದೊಡ್ಡೋರು ನೋಡಕೆ ಬತ್ತಾರೆ ಅಂದ್ರಲ್ಲ. ಅವರ ಮುಂದೆ ಜೊಲ್ಲು ಸುರಿಸ್ಕಂಡು ಕೂತ್ರೆ ನಿಮ್ಗೆ ಮರ್ವಾದೆನಾ?"

ನಮ್ಮ ಕಡೆ ಇದು ರೂಢಿ. ಹೆಣ್ಣು ನೋಡಲು ಬೀಗರು ಬರುತ್ತಾರೆಂದರೆ ಮನೆಯಲ್ಲಿರುವ ಇಂಥ ಮಗುವನ್ನು ಆವತ್ತಿನ ಮಟ್ಟಿಗೆ ಬೇರೆ ಮನೆಗೆ ಸಾಗಿಸುತ್ತಾರೆ. ಯಾರೂ ತಪ್ಪು ಅನ್ನುವುದಿಲ್ಲ. ನಾನೂ ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು, ನನಗೆ ಹೊಳೆಯಲಿಲ್ಲವಲ್ಲ. ಕೋಣೆ ನಿಮ್ಮದು ಎಂದಿದ್ದೆ. ತಮ್ಮ ಮನೆಯ ಮಾನ ಕಾಪಾಡುವಂತೆಯೇ ಅದರ ಮಾನವನ್ನೂ ಕಾಪಾಡಿದ್ದರು. ಯಾರನ್ನು ಬೈಯಲಿ?

ಅಷ್ಟರಲ್ಲಿ ಕಾರ್ಯಕ್ರಮದವರ ಕಾರು ಬಂತು. ಒಬ್ಬರು ಹಿರಿಯರು, ಜೊತೆಗೊಬ್ಬ ಯುವತಿ. ಮಕ್ಕಳು ಹಾಡು ಹೇಳಿದರು, ಮಗ್ಗಿ ಒಪ್ಪಿಸಿದರು. ತಾಯಂದಿರು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ನಗುತ್ತಿದ್ದರು. ಸುಮ್ಮನಿದ್ದರೆ ಮೋಸ, ಬಾಯಿ ಬಿಟ್ಟರೆ ಈ ಹೆಂಗಸರ ಮಾನ ಹೋಗುತ್ತದೆ. ಹಿರಿಯರನ್ನು ಹೊರಗೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವಾದರೂ ಆಡುತ್ತಿದ್ದೆ. "ನಮಗೆ ಅರ್ಥವಾಗುತ್ತೆ ಮೇಡಂ," ಎಂದರು. ಹುಡುಗಿ ಕಂಬಿ ಹಿಡಿದು ನಿಂತಿದ್ದ ವಿಡಿಯೋವನ್ನು ಫೋನಿನಲ್ಲಿ ತೋರಿಸಿದೆ. ನೋಡಿದರು. "ಒಳ್ಳೆಯದು. ಆದರೆ ಭೇಟಿಯಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ನಾವು ಬರೀಬೇಕು. ಒಂದು ಮಗುವನ್ನಾದರೂ ಈಗ ಕರೆಸಬಹುದಾ?" ಗೆಳತಿ ಮನೆ ಮನೆಗೆ ಓಡಿದಳು. ಯಾರೂ ಊರಲ್ಲಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಸಾಗಿಸಿದ್ದರು. ಅವರು ಇನ್ನೊಂದು ಸಂಸ್ಥೆಯನ್ನು ನೋಡಲು ಒಡೆಯರಪಾಳ್ಯಕ್ಕೆ ಹೋಗಬೇಕಿತ್ತು. ಹೊರಟರು.

ಉತ್ತರ ಫೋನಿನಲ್ಲೇ ಬಂತು. ಸಮುದಾಯ ಇನ್ನೂ ಈ ಮಕ್ಕಳನ್ನು ಒಪ್ಪಿಕೊಂಡಂತಿಲ್ಲ, ಹಾಗಾಗಿ ಎರಡನೇ ವರ್ಷಕ್ಕೆ ನೆರವು ಕೊಡಲು ಆಗುವುದಿಲ್ಲ ಎಂದಳು ಆ ಯುವತಿ. ಅವಳ ದನಿಯಲ್ಲೂ ಸಂಕಟವಿತ್ತು. ಕಡೆಗೆ, ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಿ ಎಂದಳು. ಆ ಹುಡುಗಿಯ ಕಾಲಿಗೆ ಕಾಯಲು ಹೇಳಬೇಕಿತ್ತು ನಾನು. ಬೇರೆ ಕಡೆಯೆಲ್ಲ ಕೇಳಿದೆ, ಕಾಲು ಹಿಡಿಯುವುದೊಂದು ಬಾಕಿ. ಎಲ್ಲೂ ಆಗಲಿಲ್ಲ.

ಡಾಕ್ಟ್ರಮ್ಮ ಬರುವುದು ನಿಂತ ಮೇಲಿನ ಮೊದಲ ಗುರುವಾರ ತಾಯಿ ಎಂದಿನಂತೆ ಮಗಳನ್ನು ಹೊತ್ತು ತಂದಳು. ಹೇಳಿಬಿಡಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವಳೇ ಮೊದಲು ಕೇಳಿದಳು.

"ಅವತ್ತು ಬಂದೋರು ಕುಸಿಯಾಗಿ ಓದ್ರಾ ಮಿಸ್? ನಾವೆಲ್ಲ ಬೋ ಆಸೆಯಿಂದ ಮಾಡಿದ್ವಿ ಕನ."

"ಹೂಂ ಕಣವ್ವ, ಖುಷಿಯಾಗೇ ಹೋದ್ರು," ಎಂದೆ.

"ಅಷ್ಟಾದ್ರೆ ಸಾಕು ಬುಡಿ." ಮಗಳ ಬಾಯಿ ಒರೆಸಿ, ಚಾಪೆಯ ಮೇಲೆ ಕೂರಿಸಿ, ಅವಳ ಕಾಲು ನೀವುತ್ತ ರಸ್ತೆಯ ಕಡೆ ನೋಡಿದಳು. "ಡಾಕ್ಟ್ರಮ್ಮ ಇವತ್ತು ತಡನಾ?"