ಹೇಳಿದವರಿಗೆ ಶಿಕ್ಷೆ ಇಲ್ಲ

ವಿಮಾನ ಓಡಿಸುವವರು ತಮ್ಮ ತಪ್ಪನ್ನು ತಾವೇ ಬಂದು ಹೇಳುತ್ತಾರೆ, ಹಾಗೆ ಹೇಳಿದವರಿಗೆ ಶಿಕ್ಷೆ ಇರುವುದಿಲ್ಲ ಎಂಬ ಸಂಗತಿ ದಾಂಡೇಲಿಗೆ ಬಂದದ್ದು ನಮ್ಮ ಮಾಲಕರ ಅಳಿಯನಿಂದ. ಆತ ಮುಂಬಯಿಯ ವಿಮಾನ ಕಂಪನಿಯೊಂದರಲ್ಲಿ ಅಪಘಾತ ಆಗುವ ಮೊದಲೇ ಇಂಥ ತಪ್ಪುಗಳನ್ನು ಕೇಳಿ ಸರಿಪಡಿಸುವ ಕೆಲಸ ನೋಡಿಕೊಳ್ಳುತ್ತಿದ್ದ. ದೀಪಾವಳಿಗೆ ಬಂದವನು ಊಟ ಮಾಡುತ್ತ ಹೇಳಿದ, ಮಾಲಕರಿಗೆ ಹಿಡಿಸಿಬಿಟ್ಟಿತು. ನಮ್ಮದಾದರೋ ಜೋಯಿಡಾ ಕಾಡಿನಿಂದ ಬಿದಿರು, ಕಟ್ಟಿಗೆ ಹೇರಿಕೊಂಡು ಬರುವ ಲಾರಿಗಳ ಆಫೀಸು. ಹಳಿಯಾಳ ರಸ್ತೆಯ ಮೇಲೊಂದು ತಗಡಿನ ಶೆಡ್ಡು. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದು ಬಂದಿದ್ದ ನಾನು ಅಲ್ಲಿ ಗುಮಾಸ್ತೆ.

"ನೀವು ವಾದ ಮಾಡಾವ್ರು, ಇದನ್ನ ನೀವ ನೋಡ್ಕೋರಿ" ಎಂದರು ಮಾಲಕರು.

ಸುಮ್ಮನೆ ಒಪ್ಪಿಕೊಳ್ಳುವ ಜಾತಿ ನನ್ನದಲ್ಲ. ಹೇಳಿದವನ ಹೆಸರು ಕೇಳಬಾರದು, ಡ್ರೈವರ್ ಏನು ಹೇಳುತ್ತಾನೋ ಅದನ್ನು ಯಾರೂ ಅನುಮಾನಿಸಬಾರದು ಎಂದು ಎರಡು ಷರತ್ತು ಹಾಕಿದೆ.

"ಸುಳ್ಳ ಹೇಳಿದ್ರ?"

"ಸುಳ್ಳ ಹೇಳಿ ಅಂವಗ ಏನ್ ಸಿಗತೈತ್ರಿ?"

ಮಾಲಕರು ಎರಡೂ ಷರತ್ತನ್ನು ಪುಸ್ತಕದಲ್ಲಿ ಬರೆದುಕೊಂಡರು. ಗೆದ್ದೆ ಅಂದುಕೊಂಡೆ.

ಮೊದಮೊದಲು ಬಂದದ್ದೆಲ್ಲ ಚೇಷ್ಟೆ. "ಅಕ್ಕಾರ, ಕಾಡಕೋಣ ಅಡ್ಡ ಬಂತ್ರಿ, ಹಾರನ್ ಹೊಡದ್ರ ಅದು ನನ್ನ ಮಾರಿ ನೋಡಿ ನಕ್ಕ ಹೋತು" ಎಂದು ಒಬ್ಬ. "ಕೋಣಕ್ಕೂ ಶಿಕ್ಷೆ ಇಲ್ಲೇನ್ರಿ?" ಎಂದು ಅವನ ಹಿಂದೆ ಇನ್ನೊಬ್ಬ. ನಾನು ಗಂಭೀರವಾಗಿ ಕೇಳಿಸಿಕೊಳ್ಳುತ್ತಿದ್ದೆ. ಅದಕ್ಕೇ ಅವರಿಗೆ ಇನ್ನಷ್ಟು ನಗು.

ಆಮೇಲೆ ಮುಂಡಗೋಡ ಕಡೆಯ ಸನವಳ್ಳಿಯ ಡ್ರೈವರನೊಬ್ಬ ಬಂದ. ನಡುವಯಸ್ಸು, ಮಾತು ಕಡಿಮೆ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತ.

"ಹೆಸರು ಹೇಳೂದಿಲ್ಲ ಹೌದಿಲ್ರಿ, ಅಕ್ಕಾರ?"

"ಹೇಳೂದಿಲ್ಲ."

"ಜೋಯಿಡಾ ಇಳಕಲಿನ್ಯಾಗ ಬ್ರೇಕ್ ತುಳದ್ರ ಪೆಡಲ್ ಹಂಗ ತಳಕ್ಕ ಕುಂತತು. ಲೋಡ್ ತುಂಬಿತ್ರಿ. ಗೇರಿನ ಮ್ಯಾಲ ತಡದು ಗುಡ್ಡದ ಬಾಜೂ ದರಿಗೆ ಹಚ್ಚಿ ನಿಲ್ಲಿಸಿದೆ. ಆ ಕಡೆ ಹೋಗಿದ್ರ ಹಳ್ಳ." ಚಪ್ಪಲಿ ಮೆಟ್ಟುತ್ತ ಸೇರಿಸಿದ: "ಜೊತಿಗೆ ಕ್ಲೀನರ್ ಇರತಾನ್ರಿ. ಸಣ್ಣಾಂವ."

ಮಾಲಕರಿಗೆ ನಾನು ಹೆಸರು ಹೇಳಲಿಲ್ಲ. ಲಾರಿ ಯಾವುದು ಎಂದಷ್ಟೇ ಹೇಳಿದೆ. ಅದನ್ನು ಹೇಳದೆ ರಿಪೇರಿ ಆಗುವುದು ಹೇಗೆ? ಆದರೆ ನಮ್ಮಲ್ಲಿ ಒಂದು ಲಾರಿಗೆ ಒಬ್ಬನೇ ಡ್ರೈವರ್. ಮುಂಗಾಜಿನ ಮೇಲೆ ಅವನ ಮಗಳ ಹೆಸರು, ಕನ್ನಡಿಗೆ ಅವನು ಕಟ್ಟಿದ ನಿಂಬೆಹಣ್ಣು. ಬೇರೆಯವನು ಆ ಸೀಟಿನಲ್ಲಿ ಕೂರುವುದಿಲ್ಲ, ಅವನೂ ಬೇರೆಯವನ ಗಾಡಿ ಮುಟ್ಟುವುದಿಲ್ಲ. ಗಾಡಿ ಹೊರಟರೆ ಟ್ರಿಪ್ಪಿನ ಕೂಲಿ, ಇಲ್ಲದಿದ್ದರೆ ಇಲ್ಲ. ವಿಮಾನದವರ ಪದ್ಧತಿಯಲ್ಲಿ ಇದಕ್ಕೊಂದು ಜಾಗವೇ ಇರಲಿಲ್ಲ.

ಲಾರಿಯನ್ನು ಶೆಡ್ಡಿಗೆ ಹಾಕಿದರು. ಬ್ರೇಕಿನ ಸಾಮಾನು ಹುಬ್ಬಳ್ಳಿಯಿಂದ ಬರಬೇಕಿತ್ತು, ಬರಲಿಲ್ಲ. ಅವನು ದಿನಾ ಬಂದು ತನ್ನ ಲಾರಿಯ ಗಾಲಿಗೆ ಒರಗಿ ಕೂರತೊಡಗಿದ.

ನಾನು ಮಾಲಕರ ಮುಂದೆ ನಿಂತೆ. "ಶಿಕ್ಷೆ ಇಲ್ಲ ಅಂದಿದ್ರಿ."

"ನಾ ಎಲ್ಲಿ ಶಿಕ್ಷೆ ಕೊಟ್ಟೇನಿ? ಗಾಡಿ ನಿಂತೈತಿ, ಅಂವಾ ನಿಂತಾನ. ರಿಪೇರಿ ಆಗಲಿ ಅಂದಾವ್ರು ನೀವ."

"ನಿಂತ ದಿನದ ಕೂಲಿ ಕೊಡ್ರಿ."

"ಕೊಟ್ರ ನಾಳಿ ಎಲ್ಲಾರ ಬ್ರೇಕೂ ಕುಂದರತಾವ."

ಇದು ತಪ್ಪು ತರ್ಕ, ಎಲ್ಲಿ ತಪ್ಪು ಎಂಬುದನ್ನೂ ತೋರಿಸಿದೆ. ಅವರು ಕಿವಿಗೊಟ್ಟು ಕೇಳಿ, ಚಹಾ ತರಿಸಿ, "ಚಂದ ಮಾತಾಡ್ತೀರಿ" ಎಂದರು. ಸ್ಪರ್ಧೆಯಲ್ಲಾದರೆ ತೀರ್ಪುಗಾರರಿರುತ್ತಾರೆ. ಇಲ್ಲಿ ಎದುರಾಳಿಯೇ ತೀರ್ಪುಗಾರ.

ಆಫೀಸಿನ ಬಾಗಿಲಿಗೆ ಡ್ರೈವರುಗಳು ಬರುವುದು ನಿಂತಿತು. ಕಾಡಕೋಣದವನೂ ಬರಲಿಲ್ಲ.

ಬಂದವನು ಮತ್ತೆ ಅವನೇ. ಈ ಸಲ ಚಪ್ಪಲಿ ಬಿಡದೆ ಒಳಗೆ ಬಂದ.

"ಅಕ್ಕಾರ, ಅವತ್ತ ನಾ ಹೇಳಿದ್ದು ಸುಳ್ಳ. ಬ್ರೇಕ್ ಛಲೋ ಐತಿ. ನಿದ್ದಿ ಹತ್ತಿತ್ತು, ಗಾಡಿ ದರಿಗೆ ಹೋತು. ಹಂಗಂತ ಸಾಹೇಬ್ರಿಗೆ ಹೇಳ್ರಿ."

"ಈಗ ಹೇಳೂದು ಸುಳ್ಳ ಅಲ್ಲೇನು?"

ಅವನು ನನ್ನ ಮುಖ ನೋಡಲಿಲ್ಲ. "ಹೇಳಿದ್ದಕ್ಕ ಅನುಮಾನ ಪಡೂದಿಲ್ಲ ಅಂತ ನೀವ ಮಾಡೀರಲ್ರಿ."

ಮಾಲಕರಿಗೆ ನಾನು ಎರಡನ್ನೂ ಹೇಳಿದೆ: ಅವನು ಬಂದು ಹೇಳಿದ್ದನ್ನು, ಅದು ಸುಳ್ಳೆಂಬ ನನ್ನ ಮಾತನ್ನು. ಅವರು ನನ್ನ ಷರತ್ತನ್ನೇ ನನಗೆ ತಿರುಗಿ ಓದಿದರು. ಗಾಡಿ ರಿಪೇರಿ ಮಾಡುವ ಮೇಸ್ತ್ರಿಯಿಂದ ಪರೀಕ್ಷೆ ಮಾಡಿಸಿ ಎಂದೆ. ಮೇಸ್ತ್ರಿ ಶೆಡ್ಡಿನ ಸಮನೆಲದ ಮೇಲೆ ಖಾಲಿ ಲಾರಿಯನ್ನು ಮುಂದೆ ಹಿಂದೆ ಓಡಿಸಿ ನಿಲ್ಲಿಸಿದ. ಅದು ನಿಂತಿತು. ಅಲ್ಲಿ ನಿಲ್ಲದೆ ಇನ್ನೇನು?

ಲಾರಿ ಹೊರಟಿತು. ಕ್ಲೀನರ್ ಹುಡುಗ ಬಾಗಿಲಿಗೆ ಜೋತುಬಿದ್ದು ನನಗೆ ಸಲಾಮು ಹೊಡೆದ. ದಿನವಿಡೀ ರಸ್ತೆಗೇ ಕಿವಿಕೊಟ್ಟು ಕುಳಿತೆ. ಸಂಜೆ ಗೇಟಿನಲ್ಲಿ ಅವನ ಹಾರನ್ನು ಕೇಳಿಸಿತು, ಎರಡು ಗಿಡ್ಡ, ಒಂದು ಉದ್ದ. ಬಿದಿರಿನ ಹೊರೆ ಸಮೇತ ಸುರಕ್ಷಿತವಾಗಿ ಬಂದಿದ್ದ.

"ನೋಡ್ರಿ, ಬಂದನಲ್ಲ?" ಎಂದರು ಮಾಲಕರು.

ಮರುದಿನವೂ ಬಂದ, ಅದರ ಮರುದಿನವೂ. ಒಂದು ದಿನ ಸುರಕ್ಷಿತವಾಗಿ ಬಂದದ್ದು ಯಾವುದನ್ನೂ ಸಾಧಿಸುವುದಿಲ್ಲ ಎಂದು ನಾನು ಯಾವ ವೇದಿಕೆಯಲ್ಲಾದರೂ ಸಾಧಿಸಬಲ್ಲೆ. ಆ ಶೆಡ್ಡಿನಲ್ಲಿ ಮಾತ್ರ ಅವನು ಬಂದ ಪ್ರತಿ ಸಂಜೆ ನಾನು ಇನ್ನಷ್ಟು ಸುಳ್ಳಿಯಾಗುತ್ತಿದ್ದೆ. ಆದರೂ ಹೊತ್ತು ಇಳಿಯುತ್ತಿದ್ದಂತೆ ನಾನು ಪೆನ್ನು ಕೆಳಗಿಟ್ಟು ಆ ಹಾರನ್ನಿಗಾಗಿ, ಇವತ್ತೂ ಸೋತರೆ ಸಾಕಪ್ಪಾ ಎಂದುಕೊಂಡು, ಕಾಯುತ್ತಿದ್ದೆ.