ಇಬ್ಬರೂ ‘ನೀವ ಮುಂದ’ ಅಂದಾಗ ಭೀಮೆಯಲ್ಲಿ ಆದದ್ದು

ಹೋದ ವಾರ ಭೀಮಾ ನದಿಯ ನಡುವೆ ಒಬ್ಬರ ಬೆರಳು, ನಮ್ಮ ಹುಡುಗಿಯ ಮದುವೆ, ಎರಡೂ ಒಟ್ಟಿಗೇ ಹೋಗುವುದರಲ್ಲಿದ್ದವು! ಅದೂ ಯಾತರಿಂದ? ಮರ್ಯಾದೆಯಿಂದ. ಅದಕ್ಕೇ ಬೇರೆ ವಿಷಯವೆಲ್ಲ ಬದಿಗಿಟ್ಟು ಇದನ್ನೇ ಬರೆಯುತ್ತಿದ್ದೇನೆ.

ನಿಂಬರ್ಗಾದ ನನ್ನ ಅಣ್ಣನ ಮಗಳು ರೂಪಾ ಸರಕು ಹಡಗಿನಲ್ಲಿ ಆಫೀಸರ್. (ತೊಗರಿ ಹೊಲದ ಹುಡುಗಿಗೆ ಸಮುದ್ರದ ಹುಚ್ಚು ಹೇಗೆ ಹತ್ತಿತೋ, ನನ್ನನ್ನು ಕೇಳಬೇಡಿ.) ಜೇವರ್ಗಿಯ ಹುಡುಗ ಒಪ್ಪಿದ್ದ, ಇವಳೂ ಒಪ್ಪಿದ್ದಳು. ಎರಡೂ ಮನೆಯವರು ಗಾಣಗಾಪುರದಲ್ಲಿ ದರ್ಶನ ಮುಗಿಸಿ ಚಹಾಕ್ಕೆ ಕುಳಿತಾಗ ಹುಡುಗನ ತಂದೆ ಕೇಳಿಯೇ ಬಿಟ್ಟರು: “ಲಗ್ನ ಆದಮ್ಯಾಲ ಹಡಗಿನ ನೌಕರಿ ಬಿಡ್ತಾಳಲ್ರಿ?”

ರೂಪಾಳ ಮುಖ ಬಿಗಿದುಕೊಂಡಿತು. ನೌಕರಿ ಬಿಡು ಅಂದರೆ ಮದುವೆಯೇ ಬೇಡ ಅನ್ನುವವಳು ಅವಳು. ಅಣ್ಣ ಗಾಬರಿಯಾಗಿ, “ಮೊದಲ ಸಂಗಮಕ್ಕ ಹೋಗಿ ಬರೋಣ ಏಳ್ರಿ” ಎಂದು ಎಲ್ಲರನ್ನೂ ಎಬ್ಬಿಸಿದ.

ನದಿಯಲ್ಲಿ ಸಂಗಮದವರೆಗೆ ಎರಡು ಮೋಟಾರು ದೋಣಿ, ಒಂದರಲ್ಲಿ ನಾವು, ಇನ್ನೊಂದರಲ್ಲಿ ಬೀಗರು. ಬೇಸಿಗೆಯ ಆಳವಿಲ್ಲದ ನೀರು. “ನೀವ ಮುಂದ ನಡೀರಿ” ಅಂದೆವು ನಾವು. “ಛೇ ಛೇ, ನೀವ ಮುಂದ” ಅಂದರು ಅವರು. ನಮ್ಮ ಕಡೆ ಬೀಗರನ್ನು ಹಿಂದೆ ಬಿಟ್ಟು ಹೋಗುವುದುಂಟೇ? ಯಾರೂ ಮುಂದಾಗದೆ ಎರಡೂ ದೋಣಿ ಜೋಡಿಯಾಗಿ ಹೊರಟವು.

ಹೊರಟವು, ಹತ್ತಿರವಾಗತೊಡಗಿದವು! ದೋಣಿಯವರು ಆಚೆ ತಿರುಗಿಸಿದಷ್ಟೂ ಯಾರೋ ಎಳೆದಂತೆ ಒಳಕ್ಕೇ ಬಂದವು.

“ಯಾಕ್ರಿ, ಮೈಮ್ಯಾಲ ತರಾಕತ್ತೀರಿ?” ಹುಡುಗನ ತಂದೆ ಸಿಟ್ಟಾದರು.

“ನಾವೆಲ್ಲಿ ತರಾಕತ್ತೇವ್ರಿ? ನೀವ ದಬ್ಬಾಕತ್ತೀರಿ!” ಅಣ್ಣನೂ ಬಿಡಲಿಲ್ಲ.

ಅಷ್ಟರಲ್ಲಿ ಹುಡುಗನ ತಾಯಿ ನಮ್ಮ ದೋಣಿಯನ್ನು ದೂಡಲು ಅದರ ಅಂಚಿಗೆ ಕೈ ಕೊಟ್ಟರು.

“ಕೈ ಒಳಗ ತಗೋರಿ!” ರೂಪಾ ಕೂಗಿದಳು. “ಇಬ್ಬರೂ ಇಂಜಿನ್ ಸ್ಲೋ ಮಾಡ್ರಿ! ನಮ್ಮ ದೋಣಿ ಹಿಂದ ಉಳೀಲಿ!”

ಕೈ ಹಿಂದೆ ಹೋಯಿತು, ಅಂಚಿಗೆ ಅಂಚು ಢಬ್ ಎಂದು ಬಡಿಯಿತು. ವೇಗ ಇಳಿದ ಮೇಲೆಯೇ ದೋಣಿಗಳು ಬೇರ್ಪಟ್ಟವು.

“ಯಾರೂ ದಬ್ಬಿಲ್ರಿ,” ದಡ ಸೇರಿದ ಮೇಲೆ ರೂಪಾ ಹೇಳಿದಳು. “ನಡುವಿನ ಸಂದ್ಯಾಗ ನೀರು ಜೋರು ಓಡ್ತದ, ಅಲ್ಲಿ ಒತ್ತಡ ಕಡಿಮಿ ಆಗ್ತದ. ಹೊರಗಿನ ನೀರು ಎರಡನ್ನೂ ಒಳಗ ದಬ್ಬತದ. ಆಳ ಇಲ್ಲದ ನೀರಾಗಂತೂ ಇನ್ನೂ ಜಾಸ್ತಿ, ಕೆಳಗಿಂದ ಹರಿಯಾಕ ಜಾಗಾನ ಇರಂಗಿಲ್ಲ. ದೊಡ್ಡ ಹಡಗೂ ಹಿಂಗ ಬಡೀತಾವ.”

ಎಂಥ ಸಂಗತಿ! ಜಗಳಕ್ಕೆ ನಿಂತವರು ನಾವು, ತಪ್ಪು ನಡುವಿನ ನೀರಿನದು (ಮತ್ತು ನಮ್ಮ ಅತಿ ಮರ್ಯಾದೆಯದು).

ಹುಡುಗನ ತಾಯಿ ಬೆರಳು ಸವರಿಕೊಳ್ಳುತ್ತ ಗಂಡನತ್ತ ತಿರುಗಿದರು: “ಇಕಿ ನೌಕರಿ ಬಿಟ್ರ, ಹಡಗಿನ್ಯಾಗ ಮಂದಿ ಬೆರಳು ಯಾರು ನೋಡ್ಬೇಕ್ರಿ?”

ವಾಪಸ್ ಹೊರಡುವಾಗ ಹುಡುಗನ ತಂದೆ ದೋಣಿ ಹತ್ತದೆ ನಿಂತು ರೂಪಾಳನ್ನೇ ಕೇಳಿದರು: “ಹೇಳವ್ವಾ ಆಫೀಸರ್, ನಾವು ಮುಂದೋ, ಹಿಂದೋ?”