ನೀಲವ್ವನ ಮೈಗೆ ಹತ್ತದ ಔಷಧ

ನನ್ನ ಹೆಂಡತಿ ಹೆರಿಗೆಯ ನೋವಿನಲ್ಲಿ ಒದ್ದಾಡುತ್ತಿದ್ದಾಗ ನಾನು ಅವಳಿಗೆ ಬಣ್ಣದ ನೀರು ಕುಡಿಸಿದೆ. ನೋವಿನ ಔಷಧ ಎಂದು ಹೇಳಿ ಕುಡಿಸಿದೆ. ನೋವು ಇಳಿಯಲಿಲ್ಲ — ಇಳಿಯುವುದಾದರೂ ಹೇಗೆ? ಆಗ ಅವಳ ತಾಯಿಯ ಎದುರಿಗೆ ಅವಳ ಬಗ್ಗೆ ಒಂದು ಮಾತು ಹೇಳಿದೆ. ನೀರು ಕುಡಿಸಿದ್ದಕ್ಕಿಂತ ಆ ಮಾತೇ ದೊಡ್ಡ ಪಾಪ. ಇಪ್ಪತ್ತೆರಡು ವರ್ಷ ಅದನ್ನು ನುಂಗಿಕೊಂಡು ಮಾನವಂತನ ಹಾಗೆ ಓಡಾಡಿದೆ. ಈಗ ಬರೆಯುತ್ತಿದ್ದೇನೆ.

ಈಗೀಗ ಹುಕ್ಕೇರಿಯಲ್ಲಿ ಜನ ನನ್ನನ್ನು ಡಾಕ್ಟರ್ ಎನ್ನುತ್ತಾರೆ. ನಾನು ಡಾಕ್ಟರನಲ್ಲ, ಕಂಪೌಂಡರ್. ಒಬ್ಬ ಡಾಕ್ಟರರ ಕೈಕೆಳಗೆ ಬಾಟಲಿ ತೊಳೆದು, ಪುಡಿ ಕಟ್ಟಿ, ಅವರು ಬರೆದುಕೊಟ್ಟಂತೆ ಔಷಧ ಕಲಸಿಕೊಡುತ್ತಿದ್ದವನು. ಮದುವೆ ಕೂಡಿಸಿದ ಹಿರಿಯರು ಮೇಲವಂಕಿಯಲ್ಲಿ ನೀಲವ್ವನ ಮನೆಯವರಿಗೆ "ಹುಡುಗ ಡಾಕ್ಟರಕಿ ಮಾಡ್ತಾನ" ಎಂದುಬಿಟ್ಟಿದ್ದರು. ನಾನು ಅಲ್ಲವೆನ್ನಲಿಲ್ಲ. ಹಬ್ಬಕ್ಕೆ ಅತ್ತೆಯ ಮನೆಗೆ ಹೋಗುವಾಗ ಡಾಕ್ಟರರು ಹಳತಾಯಿತೆಂದು ಕೊಟ್ಟ ಕೋಟನ್ನು ಹಾಕಿಕೊಳ್ಳುತ್ತಿದ್ದೆ. ಅಲ್ಲಿಯ ಓಣಿಯವರು ಬಂದು ಕೈ ಚಾಚಿದರೆ ನಾಡಿ ಹಿಡಿದು, ಕಣ್ಣು ಮುಚ್ಚಿ, "ಹೂಂ, ಪಿತ್ತ ಆಗೇತಿ" ಎನ್ನುತ್ತಿದ್ದೆ. ನೆನೆಸಿಕೊಂಡರೆ ನನಗೇ ಹೇಸಿಗೆಯಾಗುತ್ತದೆ. ಎಂಥ ಭಂಡ ನಾನು!

ನೀಲವ್ವನ ಚೊಚ್ಚಲ ಹೆರಿಗೆ ತವರಿನಲ್ಲೇ ಆಯಿತು. ಎರಡು ದಿನ ನೋವು ತಿಂದಳು. ಅವಳ ಕೂಗು ಕೇಳಲಾರದೆ ಅಲ್ಲಿಯ ಸೂಲಗಿತ್ತಿ ಅಫೀಮಿನ ಗುಳಿಗೆ ಕೊಟ್ಟಳಂತೆ, ಒಂದಾದ ಮೇಲೊಂದು. ನೀಲವ್ವನಿಗೆ ಮಂಪರು ಹತ್ತಿತು. ಹುಟ್ಟಿದ ಗಂಡುಕೂಸು ಅಳಲಿಲ್ಲ. ಅಫೀಮಿನಿಂದ ಹೋಯಿತೋ, ಎರಡು ದಿನದ ದಣಿವಿಗೆ ಹೋಯಿತೋ, ಯಾರು ಬಲ್ಲರು?

ಮತ್ತೆ ಬಸಿರಾದಾಗ ಅವಳು ತವರಿಗೆ ಹೋಗಲು ಒಪ್ಪಲಿಲ್ಲ.

"ನಾ ಇಲ್ಲೇ ಇರ್ತೇನ್ರಿ, ನಿಮ್ಮ ಬಾಜೂಕ. ನೀವು ಔಷಧದವರು. ಆ ನೋವು ಇನ್ನೊಮ್ಮೆ ನನ್ನ ಕೈಲೆ ಆಗೂದಿಲ್ಲ. ಆದ್ರ ಅಫೀಮು ಮಾತ್ರ ಬ್ಯಾಡ್ರಿ, ಕೂಸು ಉಳೀಬೇಕು."

"ನಾ ಇದ್ದೇನಲ್ಲ," ಎಂದೆ. "ನಿನಗ ಮುಳ್ಳು ಚುಚ್ಚಿದಷ್ಟೂ ನೋವು ಆಗದಂಗ ಮಾಡ್ತೇನಿ."

ಎಷ್ಟು ಸಲೀಸಾಗಿ ಹೇಳಿದೆ! ಅವಳು ನಂಬಿದಳು. ಅಂದಿನಿಂದ ಹೆದರುವುದನ್ನೇ ಬಿಟ್ಟಳು, ಹಾಡುತ್ತ ಕೌದಿ ಹೊಲಿಯುತ್ತ ಕುಳಿತಳು. ಹೆದರಿಕೆ ನನಗೆ ಬಂತು. ಮಾತು ಕೊಟ್ಟಾಗಿತ್ತು, ಕೊಡುವ ಔಷಧ ಯಾವುದು?

ಅಫೀಮು ಬೇಡವೆಂದು ಅವಳೇ ಹೇಳಿದ್ದಳು. ನನಗೂ ಅದರ ಧೈರ್ಯವಿರಲಿಲ್ಲ. ನಮ್ಮ ಓಣಿಯ ಸೂಲಗಿತ್ತಿ ಬಾಳವ್ವ ಬಿಸಿನೀರಿನ ಕಾವು, ಹರಳೆಣ್ಣೆಯ ಸವರಿಕೆ ಮಾಡುತ್ತಿದ್ದಳು. ಒಳ್ಳೆಯದೇ, ಆದರೆ ಕೊನೆಯ ತಾಸಿನ ನೋವನ್ನು ಎಣ್ಣೆ ತಡೆಯುವುದಿಲ್ಲ. ಉಳಿದದ್ದು ಕ್ಲೋರೋಫಾರ್ಮ್. ದವಾಖಾನೆಯಲ್ಲಿ ಕುರು ಕೊಯ್ಯುವಾಗ ಡಾಕ್ಟರರು ಅದನ್ನು ಬಟ್ಟೆಯ ಮೇಲೆ ಹನಿ ಹಾಕಿ ಮೂಗಿಗೆ ಹಿಡಿಯುತ್ತಿದ್ದರು. ರೋಗಿಯ ತಲೆ ಹಿಡಿಯುವವನು ನಾನೇ. ಅಂಜುತ್ತ ಅಂಜುತ್ತ ಒಂದು ದಿನ ಅವರನ್ನು ಕೇಳಿದೆ.

"ಹೆರಿಗಿಗೂ ಕೊಡಬೌದು," ಎಂದರು. "ಕೊನೀ ಹೊತ್ತಿನಾಗ ಸ್ವಲ್ಪ ಸ್ವಲ್ಪ ಮೂಗಿಗೆ ಹಿಡೀಬೇಕು. ಬ್ಯಾನಿ ಸುರು ಆದ ಕೂಡ್ಲೆ ಬಂದು ಹೇಳು, ನಾ ಬರ್ತೇನಿ. ನೀ ಮಾತ್ರ ಮುಟ್ಟಬ್ಯಾಡ ಬಸ್ಯಾ. ಕೈ ತಪ್ಪಿದ್ರ ಎದಿ ನಿಂತ ಹೋಗತೈತಿ."

ಇದಾದ ಮೇಲೆ ತೂಗಿ ನೋಡುವುದು ಏನಿತ್ತು? ಡಾಕ್ಟರರ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ಬರುತ್ತೇನೆ ಎಂದು ಅವರೇ ಹೇಳಿದ್ದರು. ಹೋಗಿ ಕರೆದರೆ ಮುಗಿಯಿತು. ಆದರೆ ಆ ಹೊತ್ತಿಗೆ ಅತ್ತೆ ಮೇಲವಂಕಿಯಿಂದ ಬಂದಿಳಿದರು, ಜೊತೆಗೆ ನೀಲವ್ವನ ಚಿಕ್ಕಮ್ಮ. ಬಂದವರು ಓಣಿಯಲ್ಲೆಲ್ಲ ಸಾರಿದರು — "ನಮ್ಮ ಅಳಿಯಾರು ಡಾಕ್ಟರ್ ಅದಾರ, ನಮಗೇನ ಚಿಂತಿ ಇಲ್ಲ ನೋಡ್ರಿ." ಓಣಿಯವರು ಮುಸಿಮುಸಿ ನಕ್ಕರೋ ಏನೋ, ನಾನು ಮಾತ್ರ ಮುಂದಿನದನ್ನು ಲೆಕ್ಕ ಹಾಕಿದೆ. ಡಾಕ್ಟರರು ಬಂದರೆ ಬಾಗಿಲಲ್ಲೇ "ಏ ಬಸ್ಯಾ, ನೀರು ಕಾಸೋ! ಏ ಬಸ್ಯಾ, ಬಾಟ್ಲಿ ತಾರೋ!" ಎನ್ನುತ್ತಾರೆ. ದಿನಾ ಹಾಗೇ ಕರೆಯುವವರು, ಪ್ರೀತಿಯಿಂದಲೇ. ಆದರೆ ಅತ್ತೆಯ ಎದುರಿಗೆ...

ನನ್ನ ಮಾನ ಒಂದು ಕಡೆ, ಅವಳ ನೋವು ಒಂದು ಕಡೆ. ನಾನು ಯಾವುದನ್ನು ಆರಿಸಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಅವಸರದಲ್ಲಿ ಆದ ತಪ್ಪೇನೂ ಅಲ್ಲ. ಮುಂಚೆಯೇ ದವಾಖಾನೆಯಲ್ಲಿ ಕುಳಿತು ಮಾಡಿದ್ದು. ನೀರಿಗೆ ಸಕ್ಕರೆಪಾಕ ಹಾಕಿದೆ, ಪುದೀನ ಅರ್ಕದ ನಾಲ್ಕು ಹನಿ, ಕೆಂಪಾಗಲು ಚೂರು ಬಣ್ಣ. ರೋಗಿಗಳಿಗೆ ಕೊಡುವ ಹಾಗೆ ಬಾಟಲಿಯ ಬದಿಗೆ ಕಾಗದದ ಪಟ್ಟಿ ಅಂಟಿಸಿ, ಒಂದೊಂದು ಡೋಸಿಗೆ ಒಂದೊಂದು ಗೀಟು ಹಾಕಿದೆ. ಗೀಟುಗಳು ನೆಟ್ಟಗೆ ಬರಲಿ ಎಂದು ಎರಡು ಸಲ ಅಳೆದೆ — ಅದೂ ನೆನಪಿದೆ.

ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ಬೇನೆ ಶುರುವಾಯಿತು. ಬಾಳವ್ವ ಬಂದಳು. ಹೆರಿಗೆಯ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ. ಡಾಕ್ಟರ್ ಎಂದು ನನಗೆ ಮಾತ್ರ ದಾರಿ ಬಿಟ್ಟರು. ಬಾಟಲಿ ಹಿಡಿದು ಒಳಗೆ ಹೋದೆ. ನೀಲವ್ವ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಮೊದಲ ಗೀಟಿನವರೆಗೆ ಕುಡಿದು, "ತಂಪ ಐತ್ರಿ," ಎಂದು ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ಮೂರು ಗೀಟು ಇಳಿದಿತ್ತು. ನೋವು ಏರುತ್ತಲೇ ಇತ್ತು. ಅವಳು ಜಂತಿಗೆ ಕಟ್ಟಿದ ಹಗ್ಗ ಹಿಡಿದು ಜಗ್ಗುತ್ತಿದ್ದಳು, ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿದ್ದಳು. ಬೇನೆಯ ನಡುವೆ ಸ್ವಲ್ಪ ಬಿಡುವಾದಾಗಲೆಲ್ಲ ಬಾಟಲಿಯ ಕಡೆ ನೋಡುತ್ತಿದ್ದಳು. "ಈಗ ಹತ್ತತೈತೇನ್ರಿ? ಇನ್ನೆಷ್ಟೊತ್ತ್ರಿ?" ನಾನು "ಇನ್ನ ಸ್ವಲ್ಪ, ಇನ್ನ ಸ್ವಲ್ಪ" ಎನ್ನುತ್ತಿದ್ದೆ.

ಬಾಳವ್ವ ಬಾಟಲಿ ತೆಗೆದು ಮೂಸಿದಳು. ನಾನು ಎದ್ದು ಹೊರಗೆ ಬಂದೆ. ನನ್ನ ಹಿಂದೆಯೇ ಪಡಸಾಲೆಗೆ ಬಂದು ಮೆಲ್ಲಗೆ ಹೇಳಿದಳು.

"ತಮ್ಮಾ, ಇದು ಬರೇ ಪುದೀನ. ಹುಡುಗಿ ಭಾಳ ತ್ರಾಸ ಪಡಾಕತ್ತಾಳ. ಹೋಗಿ ನಿಮ್ಮ ಡಾಕ್ಟರನ್ನ ಕರಕೊಂಡ ಬಾರಪಾ. ಇನ್ನೂ ಹೊತ್ತೈತಿ."

"ನಿನ್ನ ಕೆಲಸ ನೀ ನೋಡಬೇ," ಎಂದೆ. "ಔಷಧದ ಮಾತು ನನಗ ಕಲಿಸಾಕ ಬರಬ್ಯಾಡ."

ಅವಳು ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಆ ಹೊತ್ತಿಗೆ ಡಾಕ್ಟರರು ಊಟ ಮುಗಿಸಿ ಮನೆಯಲ್ಲೇ ಮಲಗಿರುತ್ತಾರೆಂದು ನನಗೆ ಗೊತ್ತಿತ್ತು. ಓಡಿದ್ದರೆ... ಓಡಲಿಲ್ಲ. ಮೆಟ್ಟು ಕಾಲಿಗೆ ಹಾಕಿಕೊಂಡೆ, ಬಿಟ್ಟೆ, ಮತ್ತೆ ಹಾಕಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ನೀಲವ್ವ ಚೀರಿದಳು.

"ಹತ್ತವಲ್ದರೀ... ಏನೂ ಹತ್ತವಲ್ದು! ಬ್ಯಾರೆ ಏನರ ಕೊಡ್ರಿ!"

ನಾನು ಬಾಗಿಲಲ್ಲಿ ನಿಂತೆ. ಅತ್ತೆ ನನ್ನ ಕಡೆ ತಿರುಗಿ, "ಯಾಕ್ರಿ ಅಳಿಯಾರ, ಔಷಧ ಯಾಕ ನಡೀವಲ್ದು?" ಎಂದರು. ಎಲ್ಲರ ಕಣ್ಣು ನನ್ನ ಮೇಲೆ. ಆಗ ನನ್ನ ಬಾಯಿಂದ ಬಂದ ಮಾತು ಇದು —

"ಔಷಧ ಖರೇನ ಐತ್ರಿ. ಇಕಿ ಮೈಗೆ ಹತ್ತವಲ್ದು. ಕೆಲವೊಂದ ಮೈ ಹಂಗ ಇರತಾವ, ನಾ ಏನ ಮಾಡ್ಲಿ?"

ನೀಲವ್ವ ಔಷಧ ಕೇಳುವುದನ್ನು ನಿಲ್ಲಿಸಿದಳು. ಮತ್ತೆ ಬಾಟಲಿಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಇಳಿಹೊತ್ತಿನವರೆಗೆ ಹಗ್ಗ ಹಿಡಿದು ಒಬ್ಬಳೇ ನೋವು ತಿಂದಳು. ದೀಪ ಹಚ್ಚುವ ಮುಂಚೆ ಮಗಳು ಶಾಂತಾ ಹುಟ್ಟಿದಳು, ಹುಟ್ಟಿದ ಕೂಡಲೇ ಅತ್ತಳು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿ, ಅಳಿಯನ ಕೈಗುಣ ದೊಡ್ಡದು ಎಂದರು. ಬಾಳವ್ವ ಕೈ ತೊಳೆದುಕೊಂಡು ಸುಮ್ಮನೆ ಹೋದಳು. ಮರುದಿನ ನೀಲವ್ವ ನನ್ನನ್ನು ಕರೆಸಿ, ಕೂಸಿನ ಮೇಲೆ ಕೈಯಿಟ್ಟುಕೊಂಡು ಹೇಳಿದಳು.

"ನೀವು ಅಷ್ಟ ಮಾಡಿದ್ರಿ. ನನ್ನ ಹಾಳ ಮೈಗೆ ಹತ್ತಲಿಲ್ಲ. ಸಿಟ್ಟ ಮಾಡಬ್ಯಾಡ್ರಿ."

ಅವಳು ನನ್ನಲ್ಲಿ ಕ್ಷಮೆ ಕೇಳಿದಳು! ಆಗಲಾದರೂ ಬಾಯಿ ಬಿಡಬಹುದಿತ್ತು. "ಇರ್ಲಿ ಬಿಡ" ಎಂದೆ. ದೊಡ್ಡ ಮನಸ್ಸಿನವನ ಹಾಗೆ.

ಆಮೇಲೆ ಅವಳು ಬದುಕಿದ್ದೆಲ್ಲ ಆ ಮಾತಿನ ಕೆಳಗೆ. ಶಾಂತಾಳ ಬೆನ್ನಿಗೆ ಮಗ ಹುಟ್ಟುವಾಗ ಡಾಕ್ಟರರನ್ನು ನಾನೇ ಕರೆತಂದೆ. ಆಗ ಅತ್ತೆ ತೀರಿಕೊಂಡಿದ್ದರು, ನಾಚಿಕೆಪಡಲು ಎದುರಿಗೆ ಯಾರೂ ಇರಲಿಲ್ಲ, ಅದಕ್ಕೇ ಧೈರ್ಯ ಬಂದಿತ್ತು. ನೀಲವ್ವ ಅವರನ್ನು ಬಾಗಿಲಿಂದಲೇ ವಾಪಸು ಕಳಿಸಿದಳು: "ಬ್ಯಾಡ್ರಿ ಸಾಹೇಬ್ರ, ನನಗ ಹತ್ತಂಗಿಲ್ಲ. ಮನಿಯವರು ಕೊಟ್ಟು ನೋಡ್ಯಾರ." ಡಾಕ್ಟರರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಹಿತ್ತಲಲ್ಲಿ ಚೇಳು ಕಡಿದಾಗಲೂ ಹಾಗೇ, ಕಂಬ ಹಿಡಿದು ದಿನವಿಡೀ ಕುಳಿತಳು. ಹೋದ ವರ್ಷ ಶಾಂತಾ ಹೆರಿಗೆಗೆ ಬಂದಳು. ನೋವಿಗೆ ಏನಾದರೂ ಕೊಡಿಸೋಣವೇ ಎಂದು ನಾನು ಬಾಯಿ ತೆರೆಯುವುದರೊಳಗೆ ನೀಲವ್ವ, "ಬ್ಯಾಡ್ರಿ, ನನ್ನ ಹೊಟ್ಟ್ಯಾಗ ಹುಟ್ಟಿದಾಕಿ, ಇಕಿಗೂ ಹತ್ತೂದಿಲ್ಲ," ಎಂದಳು. ಶಾಂತಾ ತಾಯಿಯ ಮಾತು ನಂಬಿದಳು. ಅವಳ ಕೂಗನ್ನೂ ನಾನು ಪಡಸಾಲೆಯಲ್ಲಿ ಕುಳಿತು ಕೇಳಿದೆ.

ಈಗ ನೀಲವ್ವನ ಹೊಟ್ಟೆಯಲ್ಲಿ ಗಡ್ಡೆ. ನೋಡಿಕೊಳ್ಳಲು ಶಾಂತಾ ಬಂದಿದ್ದಾಳೆ. ನಮ್ಮ ಹಳೆಯ ಡಾಕ್ಟರರು ಇಲ್ಲ; ಸಂಕೇಶ್ವರದಿಂದ ಹೊಸಬರು ಬಂದು ನೋಡಿದರು. ವಾಸಿ ಮಾಡುವುದು ಆಗದು, ನೋವಾದರೂ ಇಳಿಸಬಹುದು ಎಂದು ಒಂದು ಔಷಧ ಕೊಟ್ಟು ಹೋದರು. ನೀಲವ್ವ ಮುಟ್ಟಲಿಲ್ಲ. "ಯಾಕ ಸುಮ್ನ ಹಾಳ ಮಾಡ್ತೀರಿ, ಮೈಗೆ ಹತ್ತೂ ಮಂದಿಗರ ಕೊಡ್ರಿ" ಎಂದಳು. ಮತ್ತೆ ಸೆರಗು ಕಚ್ಚಿದಳು. ಎಂಟು ದಿನ ನಾನು ಅದನ್ನು ನೋಡಿದೆ. ಹೌದು, ಎಂಟು ದಿನ. ತುಂಬಿದ ಬಾಟಲಿ ಗೂಡಿನಲ್ಲಿ, ಅವಳು ಹಾಸಿಗೆಯಲ್ಲಿ, ನಾನು ನಡುವೆ. ಈ ವಯಸ್ಸಿನಲ್ಲೂ ನನಗೆ ನನ್ನ ಮಾನದ್ದೇ ಭಯ.

ಮೊನ್ನೆ ಮುಂಜಾನೆ ಹೇಳಿದೆ. ಅವಳ ಹಾಸಿಗೆಯ ಬದಿಗೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ — ಸಕ್ಕರೆಪಾಕ, ಬಣ್ಣ, ಗೀಟು, ಬಾಳವ್ವನ ಬಾಯಿ ಮುಚ್ಚಿಸಿದ್ದು. ನೀಲವ್ವ ಜಂತಿಯ ಕಡೆ ನೋಡುತ್ತ ಕೇಳಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು.

"ಅವತ್ತ ಡಾಕ್ಟರು ಊರಾಗ ಇದ್ರೇನ್ರಿ?"

"ಇದ್ರು."

"ಮನ್ಯಾಗ?"

"ಮನ್ಯಾಗ."

"ಹಂಗಾದ್ರ ನನ್ನ ಮೈಯಾಗ ಏನೂ ಕೆಟ್ಟಿರಲಿಲ್ಲ."

"ಇರಲಿಲ್ಲ, ನೀಲವ್ವ. ನಾ ಕೆಟ್ಟಿದ್ದೆ."

ಅವಳು ಅತ್ತಳು. ನೋವಿಗೆ ಅವಳು ಕೂಗಿದ್ದನ್ನು ಕೇಳಿದ್ದೇನೆ. ಹೀಗೆ ಅತ್ತದ್ದನ್ನು ಕೇಳಿರಲಿಲ್ಲ. ನಾನು ಎದ್ದು ಗೂಡಿನಿಂದ ಔಷಧ ತಂದು ಚಮಚಕ್ಕೆ ಹಾಕಿ ಅವಳ ಬಾಯಿಯ ಹತ್ತಿರ ಹಿಡಿದೆ. ಅವಳು ತುಟಿ ಬಿಗಿದಳು.

"ಶಾಂತಾನ್ನ ಕರೀರಿ."

ಶಾಂತಾ ಬಂದಳು. ಬಾಗಿಲ ಆಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮುಖ ನೋಡಿದರೇ ತಿಳಿಯುತ್ತಿತ್ತು. ನನ್ನ ಕೈಯಿಂದ ಚಮಚ ತೆಗೆದುಕೊಂಡಳು. ನೀಲವ್ವ ಮಗಳ ಕೈಯಿಂದ ಕುಡಿದಳು. ಅರ್ಧ ತಾಸಿನಲ್ಲಿ ಅವಳ ಮುಷ್ಟಿ ಸಡಿಲಾಯಿತು. ಬಾಯಿ ತುಸು ತೆರೆದು ನಿದ್ದೆ ಹೋದಳು, ಸಂಜೆಯವರೆಗೂ ಮಲಗಿದಳು.

ಈಗ ದಿನಕ್ಕೆ ಮೂರು ಹೊತ್ತು ಶಾಂತಾಳೇ ಕುಡಿಸುತ್ತಾಳೆ. ನಾನು ಪಡಸಾಲೆಯಲ್ಲಿ ಕುಳಿತು ಹೊತ್ತು ನೋಡಿ, "ಔಷಧದ ವ್ಯಾಳೆ ಆತವ್ವ" ಎಂದು ಕೂಗುತ್ತೇನೆ. ಅಷ್ಟೇ ನನ್ನ ಕೆಲಸ. ಯಾರಾದರೂ ಡಾಕ್ಟರ್ ಎಂದು ಕರೆದರೆ ಅಲ್ಲ ಎಂದು ಹೇಳುತ್ತಿದ್ದೇನೆ. ಕ್ಷಮಿಸು ಎಂದು ನೀಲವ್ವನನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಅವಳು ಕರೆದರೆ ಒಳಗೆ ಹೋಗುತ್ತೇನೆ. ಇನ್ನೂ ಕರೆದಿಲ್ಲ.